ಸಿಹಿ ಹೋದ ಮೇಲೆ ಉಳಿಯುವ ಹುಳಿ

ನಾನು ಮೊದಲು ತಿಂದ ಚೆರ್ರಿ ಚೆರ್ರಿಯೇ ಆಗಿರಲಿಲ್ಲ. ತೀರ್ಥಹಳ್ಳಿಯ ಬೇಕರಿಯಲ್ಲಿ ಕೇಕಿನ ತುಂಡಿನ ನೆತ್ತಿಯ ಮೇಲೆ ಕೂರಿಸುತ್ತಿದ್ದ ಆ ಕೆಂಪು ಗುಂಡು ನಮ್ಮ ಗುಡ್ಡಗಳಲ್ಲಿ ಬೆಳೆಯುವ ಕವಳೆಕಾಯಿಯ ಜಾತಿಗೆ ಸೇರಿದ್ದು, ಕರಾವಳಿಯವರು ಕರಂಡೆ ಎನ್ನುವ ಅದೇ ಮುಳ್ಳುಗಂಟಿಯ ಕಾಯಿಯ ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಹಾಕಿದ್ದು ಎಂದು ತಿಳಿಯುವ ಹೊತ್ತಿಗೆ ನಾನು ಕಾಲೇಜು ಮುಗಿಸಿದ್ದೆ. ಎರಡನೆಯ ಚೆರ್ರಿ ಕೆಮ್ಮಿನ ಔಷಧಿಯದು. ಬಾಟಲಿಯ ಮೇಲೆ ಎರಡು ಕೆಂಪು ಹಣ್ಣುಗಳ ಚಿತ್ರವಿರುತ್ತಿತ್ತು, ಒಳಗೆ ಬಾದಾಮಿಯ ವಾಸನೆ ಹೊಡೆಯುವ ಅಂಟು ಪಾಕವಿರುತ್ತಿತ್ತು. ಹೀಗಾಗಿ, ಮೂವತ್ತು ದಾಟಿದ ಮೇಲೆ ಮಿಷಿಗನ್ ರಾಜ್ಯದ ಕಲಮಜೂ ಎಂಬ ಊರಿನಲ್ಲಿ ಸಹೋದ್ಯೋಗಿಯೊಬ್ಬರು ಇದ್ದಿಲಿನಷ್ಟು ಕಪ್ಪಾದ ಬಿಯರಿನ ಲೋಟವನ್ನು ನನ್ನ ಮುಂದೆ ಸರಿಸಿ, ಇದಕ್ಕೆ ಚೆರ್ರಿ ಹಾಕಿದ್ದಾರೆ ಎಂದಾಗ, ಈ ಎರಡರಲ್ಲಿ ಯಾವುದೋ ಒಂದು ನನ್ನ ನಾಲಗೆಯ ಮೇಲೆ ಬಂದು ಕೂರುತ್ತದೆಂದು ಹಲ್ಲು ಕಚ್ಚಿಕೊಂಡೇ ಲೋಟ ಎತ್ತಿದೆ.

ಅದು 2015ರ ಜನವರಿ. ಹೊರಗೆ ಮೊಣಕಾಲುದ್ದದ ಹಿಮ. ಲೋಟದಲ್ಲಿದ್ದದ್ದು ಆ ಊರಿನದೇ ಬೆಲ್ಸ್ ಬ್ರೂವರಿಯ ಚೆರ್ರಿ ಸ್ಟೌಟ್. ನೊರೆ ಬಿಳಿಯಾಗಿರಲಿಲ್ಲ, ಹಾಲು ಕಡಿಮೆ ಹಾಕಿದ ಫಿಲ್ಟರ್ ಕಾಫಿಯ ಬಣ್ಣದ್ದಾಗಿತ್ತು. ಮೊದಲ ಗುಟುಕಿಗೆ ಹುರಿದ ಕಾಳಿನ ಕಹಿ ಬಂತು. ಅದು ಇನ್ನೂ ಇಳಿಯುವ ಮೊದಲೇ ನಾಲಗೆಯ ಎರಡೂ ಅಂಚಿನಲ್ಲಿ ಹುಳಿ ಎದ್ದಿತು, ಮತ್ತು ನಾನು ಕಾಯುತ್ತಿದ್ದ ಸಿಹಿ ಬರಲೇ ಇಲ್ಲ. ಕಹಿಯೂ ಹುಳಿಯೂ ಒಂದನ್ನೊಂದು ಹಿಡಿದುಕೊಂಡು ಗಂಟಲಿಗೆ ಇಳಿದವು, ಬಾಯಿ ಒಣಗಿದಂತಾಗಿ ಇನ್ನೊಂದು ಗುಟುಕು ಬೇಕೆನಿಸಿತು. ಆ ಕ್ಷಣದಲ್ಲಿ ನನಗೆ ನೆನಪಾದದ್ದು ಯಾವ ಹಣ್ಣೂ ಅಲ್ಲ, ನಮ್ಮ ಮನೆಯ ಹಾಗಲಕಾಯಿ ಗೊಜ್ಜು. ಹಾಗಲದ ಕಹಿಯನ್ನು ನಾವು ಸಿಹಿ ಹಾಕಿ ಮುಚ್ಚುವುದಿಲ್ಲ. ಮೊದಲು ಹುಣಿಸೆಹಣ್ಣಿನಿಂದ ಅದಕ್ಕೊಂದು ಎದುರಾಳಿಯನ್ನು ಕೊಟ್ಟು, ಆಮೇಲೆ ಇಬ್ಬರ ನಡುವೆ ರಾಜಿ ಮಾಡಿಸುವಷ್ಟು ಮಾತ್ರ ಬೆಲ್ಲ ಹಾಕುತ್ತೇವೆ. ಸ್ಟೌಟಿಗೆ ಹಣ್ಣು ಹಾಕುವವರು ಮಾಡುವುದೂ ಅದನ್ನೇ ಎಂದು ನನಗೆ ಅಂದು ಅನ್ನಿಸಿತು. ಆಮೇಲೆ ನಾನೇ ಮೂರು ವರ್ಷ ಕೈ ಸುಟ್ಟುಕೊಂಡು ನೋಡಿದ ಮೇಲೂ ಆ ಅಭಿಪ್ರಾಯ ಬದಲಾಗಿಲ್ಲ.

ಸ್ಟೌಟ್ ಎಂದರೇನು ಎಂಬುದನ್ನು ಕನ್ನಡಿಗರಿಗೆ ವಿವರಿಸುವುದು ಅಷ್ಟೇನೂ ಕಷ್ಟವಲ್ಲ, ಏಕೆಂದರೆ ಅದರ ಮೂಲ ಪದಾರ್ಥದ ಹೆಸರು ನಮ್ಮ ಅಡುಗೆಮನೆಯ ಡಬ್ಬದ ಮೇಲೆಯೇ ಬರೆದಿರುತ್ತದೆ. ರಾಗಿ ಮಾಲ್ಟ್ ಮಾಡುವಾಗ ನಾವು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತೇವೆ. ಬಿಯರಿನ ಮಾಲ್ಟ್ ಕೂಡ ಅದೇ, ರಾಗಿಯ ಬದಲು ಬಾರ್ಲಿ, ಅಷ್ಟೇ ವ್ಯತ್ಯಾಸ. ಮೊಳಕೆಯೊಡೆದ ಕಾಳಿನಲ್ಲಿ ಹಿಟ್ಟನ್ನು ಸಕ್ಕರೆಯಾಗಿಸುವ ಕಿಣ್ವಗಳು ಎಚ್ಚರಗೊಂಡಿರುತ್ತವೆ. ಒಣಗಿಸಿ ನುಚ್ಚು ಮಾಡಿದ ಆ ಕಾಳನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ನೀರು ಸಿಹಿಯಾಗುತ್ತದೆ. ಆ ಸಿಹಿನೀರನ್ನು ಹಾಪ್ಸ್ ಹೂವಿನೊಂದಿಗೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿದರೆ ಬಿಯರ್ ಆಗುತ್ತದೆ. ಸ್ಟೌಟಿಗೆ ಕಪ್ಪು ಬರುವುದು ಇಡೀ ಕಾಳಿನ ರಾಶಿಯಿಂದಲ್ಲ, ಅದರಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಬೆರೆಸಿದ, ಕಾಫಿ ಬೀಜದಂತೆ ಹುರಿದ ಕಾಳಿನಿಂದ.

ಹಾಗೆ ಹುರಿಯುವ ಯಂತ್ರಕ್ಕೂ ಒಂದು ಇತಿಹಾಸವಿದೆ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಪೋರ್ಟರ್ ಎಂಬ ಕಂದು ಬಿಯರ್ ಕೂಲಿಕಾರರ ಪಾನೀಯವಾಗಿತ್ತು. ಅದರಲ್ಲಿ ಗಟ್ಟಿಯಾದುದನ್ನು ಸ್ಟೌಟ್ ಪೋರ್ಟರ್ ಎನ್ನುತ್ತಿದ್ದರು, ಕಾಲಕ್ರಮೇಣ ಪೋರ್ಟರ್ ಉದುರಿ ಸ್ಟೌಟ್ ಮಾತ್ರ ಉಳಿಯಿತು. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ಕಾಫಿ ಹುರಿಯುವ ಉರುಳೆಯಂಥ ಉಪಕರಣದಲ್ಲಿ ಮಾಲ್ಟನ್ನು ಬೂದಿಯಾಗಿಸದೆ ಕಪ್ಪಾಗುವವರೆಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಹೆಚ್ಚು ಸಕ್ಕರೆ ಬಿಡುವ ತಿಳಿ ಬಣ್ಣದ ಮಾಲ್ಟಿಗೆ ಒಂದು ಹಿಡಿ ಕಪ್ಪು ಮಾಲ್ಟ್ ಸೇರಿಸಿದರೆ ಸಾಕಾಯಿತು. ಇಂದಿನ ಕಪ್ಪು ಸ್ಟೌಟ್ ಹುಟ್ಟಿದ್ದು ರುಚಿಯ ಹುಡುಕಾಟದಿಂದ ಎಷ್ಟೋ, ಖರ್ಚಿನ ಲೆಕ್ಕಾಚಾರದಿಂದಲೂ ಅಷ್ಟೇ.

ಇಂಥ ಪಾನೀಯದೊಳಗೆ ಹಣ್ಣು ಹೊಕ್ಕದ್ದು ಮಾತ್ರ ಲಂಡನ್ನಿನ ಸಂಪ್ರದಾಯದಿಂದಲ್ಲ. ಬವೇರಿಯಾದಲ್ಲಿ 1516ರ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನನ್ನೂ ಹಾಕಬಾರದೆಂದಿತ್ತು. ಹಣ್ಣಿಗೆ ಬಾಗಿಲು ತೆರೆದಿಟ್ಟವರು ಬೆಲ್ಜಿಯಮ್ಮಿನವರು. ಬ್ರಸೆಲ್ಸಿನ ಸುತ್ತಮುತ್ತ ಲ್ಯಾಂಬಿಕ್ ಎಂಬ ಹುಳಿ ಬಿಯರಿಗೆ ಹುಳಿ ಚೆರ್ರಿಗಳನ್ನು ಗೊರಟಿನ ಸಮೇತ ಪೀಪಾಯಿಗೆ ಸುರಿದು ತಿಂಗಳುಗಟ್ಟಲೆ ಇಟ್ಟು ಕ್ರೀಕ್ ಎಂಬ ಬಿಯರ್ ಮಾಡುತ್ತಾರೆ. ಆದರೆ ಅಲ್ಲಿ ಹುಳಿಗೆ ಹುಳಿ ಸೇರುತ್ತದೆ. ಕಪ್ಪು ಕಹಿಗೆ ಹುಳಿ ಸೇರಿಸುವ ಧೈರ್ಯವನ್ನು ನಾನು ಕಂಡದ್ದು ಅಮೆರಿಕದ ಸಣ್ಣ ಬ್ರೂವರಿಗಳಲ್ಲಿ. ಅವರಿಗೆ ಮುರಿಯಲು ಹೆದರುವಂಥ ಹಳೆಯ ಸಂಪ್ರದಾಯವೇ ಇರಲಿಲ್ಲ. ಮನೆಯಲ್ಲಿ ಬಿಯರ್ ಮಾಡಿಕೊಳ್ಳುವುದಕ್ಕೆ ಅಮೆರಿಕದ ಕೇಂದ್ರ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1978ರಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆಯಿಂದ. ಅದು ಜಾರಿಗೆ ಬಂದ ನಾಲ್ಕು ವರ್ಷಕ್ಕೆ, 1983ರಲ್ಲಿ, ಲ್ಯಾರಿ ಬೆಲ್ ಎಂಬ ಯುವಕ ಕಲಮಜೂನಲ್ಲಿ ಮನೆಬಿಯರಿನ ಸಾಮಗ್ರಿ ಮಾರುವ ಅಂಗಡಿ ತೆರೆದರು. 1985ರಲ್ಲಿ 15 ಗ್ಯಾಲನ್ನಿನ, ಅಂದರೆ ನಮ್ಮ ಮದುವೆಮನೆಯ ಸಾಧಾರಣ ಸಾರಿನ ಕೊಳದಪ್ಪಲೆಯಷ್ಟು ದೊಡ್ಡದಾದ, ಒಂದು ಸೂಪ್ ಪಾತ್ರೆಯಲ್ಲಿ ಬಿಯರ್ ಕುದಿಸಿ ಮಾರತೊಡಗಿದರು. ಅದೇ ಬೆಲ್ಸ್ ಬ್ರೂವರಿ. 2021ರಲ್ಲಿ ಅದು ಜಪಾನಿನ ಕಿರಿನ್ ಸಮೂಹದ ಕೈ ಸೇರಿತು ಎಂಬುದು ಬೇರೆ ಮಾತು. ಆ ಸುದ್ದಿ ಬಂದ ದಿನ ನಮ್ಮ ಕಚೇರಿಯಲ್ಲಿ ಊರಿನ ಹಿರಿಯರು ಹೋದಷ್ಟೇ ಗಂಭೀರವಾದ ಮೌನವಿತ್ತು.

ಚೆರ್ರಿ ಸ್ಟೌಟಿನ ಬಲವಿರುವುದು ಅದರ ಹಣ್ಣಿನ ಆಯ್ಕೆಯಲ್ಲಿ. ಅದಕ್ಕೆ ಬಳಸುವುದು ತಿನ್ನುವ ಸಿಹಿ ಚೆರ್ರಿಯಲ್ಲ, ಮಾನ್‌ಮೊರೆನ್ಸಿ ಎಂಬ ಹುಳಿ ತಳಿ, ಅದೂ ಮಿಷಿಗನ್ನಿನ ಉತ್ತರಕ್ಕಿರುವ ಟ್ರಾವರ್ಸ್ ಸಿಟಿಯ ಸುತ್ತಲಿನದು. ಅಲ್ಲಿ ಸರೋವರದೊಳಕ್ಕೆ ನಾಲಗೆ ಚಾಚಿದಂತಿರುವ ಓಲ್ಡ್ ಮಿಷನ್ ಎಂಬ ಭೂಶಿರದಲ್ಲಿ, ಪೀಟರ್ ಡೌಗರ್ಟಿ ಎಂಬ ಪಾದ್ರಿ 1852ರಲ್ಲಿ ಚೆರ್ರಿ ಸಸಿಗಳನ್ನು ನೆಟ್ಟರಂತೆ, ಅವು ಹಿಡಿದುಕೊಂಡವು. ಹಿಡಿದುಕೊಳ್ಳಲು ಕಾರಣ ಮಿಷಿಗನ್ ಸರೋವರ. ಅದು ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ. ವಸಂತದಲ್ಲಿ ತಣ್ಣಗಿನ ಗಾಳಿ ಬೀಸಿ ಮರಗಳು ಅವಸರಪಟ್ಟು ಹೂ ಬಿಡದಂತೆ ತಡೆಯುತ್ತದೆ, ಚಳಿಗಾಲದಲ್ಲಿ ಶೀತದ ಮೊನೆಯನ್ನು ಮೊಂಡಾಗಿಸುತ್ತದೆ. ಅಮೆರಿಕದಲ್ಲಿ ಬೆಳೆಯುವ ಹುಳಿ ಚೆರ್ರಿಯಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಈ ಒಂದು ರಾಜ್ಯದ್ದೇ. ಸರೋವರದ ಕಾವಲು ತಪ್ಪಿದರೆ ಏನಾಗುತ್ತದೆಂಬುದನ್ನು 2012 ತೋರಿಸಿತು. ಆ ವರ್ಷದ ಮಾರ್ಚಿನಲ್ಲೇ ಬಿಸಿಲು 80 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಮರಗಳು ಬೇಸಿಗೆ ಬಂತೆಂದು ಮೋಸಹೋಗಿ ಮೊಗ್ಗೊಡೆದವು. ಏಪ್ರಿಲಿನಲ್ಲಿ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಒಂದರ ಹಿಂದೊಂದು ಬಂದು ರಾಜ್ಯದ ಹುಳಿ ಚೆರ್ರಿಯ ಬೆಳೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಹೋಯಿತು. ಅಡಿಕೆಗೆ ಕೊಳೆರೋಗ ಬಂದ ವರ್ಷ ನಮ್ಮೂರಿನ ಜಗಲಿಗಳ ಮೇಲೆ ಕೇಳಿಬರುವ ಮಾತಿನ ಧಾಟಿಯನ್ನೇ ನಾನು ಟ್ರಾವರ್ಸ್ ಸಿಟಿಯ ತೋಟದವರ ಬಾಯಲ್ಲಿ 2012ರ ಬಗ್ಗೆ ಕೇಳಿದ್ದೇನೆ.

ಮಾನ್‌ಮೊರೆನ್ಸಿಯನ್ನು ಅಂಗಡಿಯಲ್ಲಿ ಹಸಿಯಾಗಿ ಕಾಣುವುದು ಅಪರೂಪ. ಜುಲೈನಲ್ಲಿ ಎರಡು ಮೂರು ವಾರಗಳಲ್ಲಿ ಕೊಯ್ಲು ಮುಗಿದುಹೋಗುತ್ತದೆ. ದೊಡ್ಡ ತೋಟಗಳಲ್ಲಿ ಯಂತ್ರವೊಂದು ಬಂದು ಮರದ ಕಾಂಡವನ್ನು ಹಿಡಿದು ಕೆಲವೇ ಸೆಕೆಂಡು ಗಡಗಡನೆ ಅಲುಗಿಸಿದರೆ ಇಡೀ ಮರದ ಹಣ್ಣು ಹಾಸಿದ ಟಾರ್ಪಾಲಿನ ಮೇಲೆ ಮಳೆಯಂತೆ ಸುರಿಯುತ್ತದೆ, ಅಲ್ಲಿಂದ ನೇರ ತಣ್ಣೀರಿನ ತೊಟ್ಟಿಗೆ. ಹಣ್ಣು ಅಷ್ಟು ಮೃದು. ಒಂದು ದಿನ ಹೊರಗಿಟ್ಟರೆ ಕಂದುತ್ತದೆ. ಆದ್ದರಿಂದ ಹೆಚ್ಚಿನದು ಹೆಪ್ಪುಗಟ್ಟಿಸಿ, ಒಣಗಿಸಿ, ರಸ ತೆಗೆದು ಮಾರಾಟವಾಗುತ್ತದೆ. ನಮ್ಮಂಥವರಿಗೆ ಉಳಿಯುವ ದಾರಿ, ನೀವೇ ಕಿತ್ತುಕೊಳ್ಳಿ ಎಂದು ಫಲಕ ಹಾಕಿದ ಸಣ್ಣ ತೋಟಗಳು.

2016ರ ಜುಲೈನಲ್ಲಿ ಅಮ್ಮ ಇಲ್ಲಿಗೆ ಬಂದಿದ್ದಳು. ನಾವಿಬ್ಬರೂ ಮೂರು ಗಂಟೆ ಕಾರಿನಲ್ಲಿ ಹೋಗಿ ಭೂಶಿರದ ಒಂದು ತೋಟದಲ್ಲಿ ಐದು ಕಿಲೋ ಹಣ್ಣು ಕಿತ್ತೆವು. ಮಾನ್‌ಮೊರೆನ್ಸಿಯ ಸಿಪ್ಪೆ ಗಾಜಿನ ಬಳೆಯಂತೆ ಹೊಳೆಯುವ ಕೆಂಪು, ಒಳಗಿನ ತಿರುಳು ಮಾತ್ರ ಹಳದಿ, ರಸ ತಿಳಿ. ಅಮ್ಮ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಕಿರಿದು ಮಾಡಿ, ಇದು ತಿನ್ನುವ ಹಣ್ಣಲ್ಲ, ಅಡುಗೆಗೆ ಹಾಕುವ ಹಣ್ಣು ಎಂದು ತೀರ್ಪು ಕೊಟ್ಟಳು. ಬೆಲ್ಜಿಯಮ್ಮಿನವರು ಶತಮಾನಗಳ ಅನುಭವದಿಂದ ತಲುಪಿದ ತೀರ್ಮಾನಕ್ಕೆ ಅವಳು ತಲುಪಲು ಒಂದು ಹಣ್ಣು ಸಾಕಾಯಿತು. ಇದನ್ನು ಯಾವುದಕ್ಕೆ ಬಳಸುತ್ತೇನೆಂದು ನಾನು ಅವಳಿಂದ ಮುಚ್ಚಿಡಲಿಲ್ಲ. ನಮ್ಮದು ಹೆಂಡದ ಅಂಗಡಿಯ ಮುಂದೆ ಹಾದುಹೋಗಬೇಕಾದಾಗ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುವ ಮನೆತನ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಲೆಯಿಂದ ಒಂದು ಹೇರ್‌ಪಿನ್ನು ತೆಗೆದು, ತೊಳೆದು, ಅದರ ಬಾಗಿದ ತುದಿಯನ್ನು ಹಣ್ಣಿನ ತೊಟ್ಟಿನ ಗುಳಿಯಲ್ಲಿ ತೂರಿಸಿ, ಗೊರಟನ್ನು ಸುತ್ತಿ ಮೀಟಿದಳು. ಗೊರಟು ಟಕ್ಕೆಂದು ಹೊರಬಂತು, ಹಣ್ಣು ಹರಿಯಲಿಲ್ಲ. ನಾನು ಆನ್‌ಲೈನಿನಲ್ಲಿ ತರಿಸಿದ್ದ ಉಪಕರಣ ಅಂದಿನಿಂದ ಪೆಟ್ಟಿಗೆಯಲ್ಲೇ ಇದೆ. ಸಂಜೆ ಆರರಿಂದ ಹತ್ತರವರೆಗೆ ಅವಳು ಅಷ್ಟೂ ಹಣ್ಣನ್ನು ಬಿಡಿಸಿಕೊಟ್ಟಳು. ನಾಲ್ಕು ಕಿಲೋಗಿಂತ ತುಸು ಹೆಚ್ಚು ತಿರುಳು ಸಿಕ್ಕಿತು. ಕುಡಿಯುವುದು ಪಾಪವಿರಬಹುದು, ಹಣ್ಣು ಹಾಳು ಮಾಡುವುದು ಅದಕ್ಕಿಂತ ದೊಡ್ಡ ಪಾಪ ಎಂಬುದು ಅವಳ ತರ್ಕವಿರಬೇಕು.

ತಿರುಳನ್ನು ಫ್ರೀಜರಿನಲ್ಲಿಟ್ಟೆ. ಕೆಡದಿರಲೆಂಬುದು ಅದಕ್ಕೆ ಒಂದು ಕಾರಣ ಮಾತ್ರ. ಹೆಪ್ಪುಗಟ್ಟುವಾಗ ಹಣ್ಣಿನೊಳಗಿನ ನೀರು ಹರಳಾಗಿ ಜೀವಕೋಶಗಳ ಗೋಡೆಗಳನ್ನು ಸೀಳುತ್ತದೆ, ಕರಗಿದಾಗ ರಸ ತಾನಾಗಿ ಹೊರಬರುತ್ತದೆ. ಕುದಿಸಿದರೂ ರಸ ಬರುತ್ತದೆ, ಆದರೆ ಕುದಿತದಲ್ಲಿ ಪೆಕ್ಟಿನ್ ಎಂಬ ಹಣ್ಣಿನ ಅಂಟು ಬಿಟ್ಟುಕೊಂಡು ಬಿಯರ್ ಕದಡುತ್ತದೆ, ಹಸಿಹಣ್ಣಿನ ಘಮ ಹೋಗಿ ಜಾಮಿನ ವಾಸನೆ ಬರುತ್ತದೆ.

ಸೆಪ್ಟೆಂಬರಿನಲ್ಲಿ ಸ್ಟೌಟ್ ಕುದಿಸಿದೆ. 19 ಲೀಟರಿಗೆ ಐದೂವರೆ ಕಿಲೋ ತಿಳಿ ಮಾಲ್ಟ್, ಅರ್ಧ ಕಿಲೋ ಓಟ್ಸ್, 400 ಗ್ರಾಂ ಹುರಿದ ಬಾರ್ಲಿ, 300 ಗ್ರಾಂ ಚಾಕೊಲೇಟ್ ಮಾಲ್ಟ್. ಚಾಕೊಲೇಟ್ ಎಂಬುದು ಬಣ್ಣದ ಹೆಸರು, ಅದರಲ್ಲಿ ಕೋಕೋ ಇಲ್ಲ. ಬಿಸಿನೀರು ಬಿದ್ದ ಕೂಡಲೇ ಮನೆಯೆಲ್ಲ ರಾಗಿ ಹುರಿದ ಬಾಣಲೆಯ ವಾಸನೆ. ಇನ್ನೂ ಊರಿಗೆ ಹೊರಡದಿದ್ದ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗರಳಿಸಿ, ಸೀದಿದೆ ಎಂದಳು. ಸೀದದ್ದಲ್ಲ, ಹುರಿದದ್ದು ಎಂದೆ. ಕೊಂಚ ಸೀದಿದೆ ಎಂದು ಅವಳು ತಿದ್ದಿದಳು. ಕುದಿಸಿ ಆರಿಸಿದ ರಸದ ಸಾಂದ್ರತೆ ಹೈಡ್ರೋಮೀಟರಿನಲ್ಲಿ 1.070 ತೋರಿಸಿತು, ಎಂದರೆ ನೀರಿಗಿಂತ ನೂರಕ್ಕೆ ಏಳರಷ್ಟು ಭಾರ. ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿಯೂ ಅನಿಲವಾಗಿಯೂ ಒಡೆಯುತ್ತ ಹೋದಂತೆ ಈ ಸಂಖ್ಯೆ ಇಳಿಯುತ್ತದೆ. ಒಂದು ವಾರಕ್ಕೆ ಅದು 1.022ಕ್ಕೆ ಬಂತು. ಆಗ ಬಿಯರನ್ನು ಗಷ್ಟು ಬಿಟ್ಟು ಬಸಿದು, ಕರಗಿಸಿದ ಚೆರ್ರಿ ತುಂಬಿದ ಇನ್ನೊಂದು ಪಾತ್ರೆಗೆ ಹಾಕಿದೆ.

ಮರುದಿನ ಬೆಳಿಗ್ಗೆ ತಣ್ಣಗೆ ಕೂತಿದ್ದ ಬಿಯರಿಗೆ ಮತ್ತೆ ಜೀವ ಬಂದಿತ್ತು. ಹಣ್ಣಿನ ಗ್ಲೂಕೋಸ್, ಫ್ರಕ್ಟೋಸ್‌ಗಳು ಯೀಸ್ಟಿಗೆ ಮಾಲ್ಟಿನ ಸಕ್ಕರೆಗಿಂತಲೂ ಸುಲಭದ ತುತ್ತು. ಹಣ್ಣುಗಳೆಲ್ಲ ಮೇಲಕ್ಕೆ ತೇಲಿ ಗುಲಾಬಿ ನೊರೆಯ ದಪ್ಪ ಕೆನೆ ಕಟ್ಟಿತ್ತು. ದಿನ ಕಳೆದಂತೆ ನೊರೆ ಇಳಿಯಿತು, ಹಣ್ಣುಗಳು ಒಂದೊಂದಾಗಿ ಬಣ್ಣ ಕಳೆದುಕೊಂಡವು. ಒಂಬತ್ತನೆಯ ದಿನ ಒಂದನ್ನು ಚಮಚದಿಂದ ತೆಗೆದು ನೋಡಿದೆ. ಕೆಂಪು ಪೂರ್ತಿ ಹೋಗಿ ಒಗೆದೊಗೆದು ಮಾಸಿದ ಹತ್ತಿಬಟ್ಟೆಯಂತಾಗಿತ್ತು. ಬಾಯಿಗೆ ಹಾಕಿಕೊಂಡೆ. ಸಿಹಿಯ ಸುಳಿವೇ ಇರಲಿಲ್ಲ, ತೆಳುವಾದ ಹುಳಿ ಮಾತ್ರ ಉಳಿದಿತ್ತು. ಹಣ್ಣಿನ ಬಿಯರಿನ ಬಗ್ಗೆ ನಾನು ಕಲಿತದ್ದೆಲ್ಲ ಆ ಒಂದು ಪೇಲವ ಹಣ್ಣಿನಲ್ಲಿತ್ತು. ನಾವು ಹಣ್ಣನ್ನು ಗುರುತಿಸುವುದು ಸಿಹಿಯಿಂದ, ಆದರೆ ಯೀಸ್ಟ್ ಮೊದಲು ತಿನ್ನುವುದು ಆ ಸಿಹಿಯನ್ನೇ. ಚೆರ್ರಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲವನ್ನು ಅದು ಬಹುಮಟ್ಟಿಗೆ ಮುಟ್ಟುವುದಿಲ್ಲ. ಕೊನೆಗೆ ಬಿಯರಿಗೆ ದಕ್ಕುವುದು ಹುಳಿ, ಒಂದಿಷ್ಟು ಘಮ, ಸಿಪ್ಪೆಯ ಒಗರು. ಸಿಹಿ ಚೆರ್ರಿ ಹಾಕಿದರೆ ಅದರ ಸಿಹಿ ಹೋಗಿ ಏನೂ ಉಳಿಯುವುದಿಲ್ಲ, ಹುಳಿ ಚೆರ್ರಿ ಹಾಕಿದರೆ ಚೆರ್ರಿ ಉಳಿಯುತ್ತದೆ.

ಆ ಒಂಬತ್ತನೆಯ ದಿನವೇ ನಾನು ತಪ್ಪು ಮಾಡಿದ್ದು. ಹಣ್ಣು ಪೇಲವವಾಗಿದೆ, ಗುಳ್ಳೆ ನಿಂತಿದೆ, ಸಾಂದ್ರತೆ 1.022 ಇದೆ, ಹಣ್ಣು ಹಾಕುವ ಮೊದಲೂ ಅಷ್ಟೇ ಇತ್ತು, ಆದ್ದರಿಂದ ಹಣ್ಣಿನ ಸಕ್ಕರೆ ಮುಗಿದಿದೆ ಎಂದು ತರ್ಕಿಸಿದೆ. ಮೂರು ದಿನ ಬಿಟ್ಟು ಇನ್ನೊಮ್ಮೆ ಅಳೆದು ಸಂಖ್ಯೆ ನಿಂತಿದೆಯೇ ಎಂದು ನೋಡಬೇಕೆಂಬ ನಿಯಮ ಗೊತ್ತಿತ್ತು, ಆದರೆ ಶನಿವಾರವಾಗಿತ್ತು, ಬಾಟಲಿಗಳು ತೊಳೆದು ಸಿದ್ಧವಾಗಿದ್ದವು. ನೊರೆಗೆಂದು 110 ಗ್ರಾಂ ಸಕ್ಕರೆ ಬೆರೆಸಿ 46 ಬಾಟಲಿಗಳಿಗೆ ಮುಚ್ಚಳ ಹೊಡೆದೆ. ವಾಸ್ತವದಲ್ಲಿ ಆ ಬಿಯರಿಗೆ 1.018ರವರೆಗೆ ಇಳಿಯುವ ಹಸಿವು ಬಾಕಿ ಇತ್ತು. ನೋಡಲು ನಾಲ್ಕೇ ಅಂಕ, ಆದರೆ ಮುಚ್ಚಿದ ಬಾಟಲಿಯೊಳಗೆ ಒಂದೊಂದು ಅಂಕವೂ ಬಿಯರಿನ ಗಾತ್ರದ ಅರ್ಧದಷ್ಟು ಅನಿಲವನ್ನು ಹುಟ್ಟಿಸುತ್ತದೆ. ಎಂದರೆ ಬಾಟಲಿಯಲ್ಲಿ ಇರಬೇಕಾದ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಅಕ್ಟೋಬರಿನ ಒಂದು ನಡುರಾತ್ರಿ ಕೋಣೆಯ ಗೂಡಿನಿಂದ ಪಟಾಕಿ ಹೊಡೆದ ಸದ್ದು ಬಂತು. ಅದರ ಹಿಂದೆಯೇ ಇನ್ನೊಂದು. ಒಂದು ಒಡೆದಾಗ ಅದರ ಚೂರು ಪಕ್ಕದ್ದಕ್ಕೆ ಬಡಿಯುತ್ತಿತ್ತು. ದಪ್ಪ ಚಳಿಕೋಟು, ಕೈಗವಸು, ಈಜುಕನ್ನಡಕ ಹಾಕಿಕೊಂಡು, ಕಂಬಳಿಯನ್ನು ಗುರಾಣಿಯಂತೆ ಹಿಡಿದು, ಉಳಿದ ಬಾಟಲಿಗಳನ್ನು ಒಂದೊಂದಾಗಿ ಹೊರಗಿನ ಚಳಿಗೆ ಸಾಗಿಸಿ ಮುಚ್ಚಳ ಸಡಿಲಿಸಿದೆ. ಒಂಬತ್ತು ಹೋಗಿದ್ದವು. ಬಾಡಿಗೆಮನೆಯ ಹಾಸಿನ ಮೇಲೆ ಬಿದ್ದ ಕಪ್ಪು ಕಲೆಗೆ ಮನೆ ಬಿಡುವಾಗ ದಂಡ ತೆತ್ತೆ. ಉಳಿದ ಬಿಯರ್ ಕುಡಿಯಲು ಯೋಗ್ಯವಾಗಿತ್ತು, ಆದರೆ ಚೆನ್ನಾಗಿರಲಿಲ್ಲ. ತೆಳ್ಳಗೆ, ಚುರುಕು ಹುಳಿಯೊಂದಿಗೆ, ಆರಿದ ಕಾಫಿಗೆ ಸೋಡಾ ಬೆರೆಸಿದಂತಿತ್ತು.

ತೆಳ್ಳಗಾದದ್ದೇಕೆ ಎಂಬುದು ನನ್ನನ್ನು ಬಹಳ ದಿನ ಕಾಡಿತು. ನಾಲ್ಕು ಕಿಲೋ ಹಣ್ಣು ಹಾಕಿದರೆ ಬಿಯರ್ ದಪ್ಪವಾಗಬೇಕಲ್ಲವೇ? ಲೆಕ್ಕ ಹಾಕಿದಾಗ ಉತ್ತರ ಸರಳವಾಗಿತ್ತು. ಆ ನಾಲ್ಕು ಕಿಲೋದಲ್ಲಿ ಸುಮಾರು ಮೂರುವರೆ ಲೀಟರ್ ನೀರೇ. ಸಕ್ಕರೆ ಅರ್ಧ ಕಿಲೋದಷ್ಟಿತ್ತು, ಅದೂ ಪೂರ್ತಿ ಹುದುಗಿ ಹೋಯಿತು. ನಾನು 19 ಲೀಟರ್ ಸ್ಟೌಟಿಗೆ ಮೂರುವರೆ ಲೀಟರ್ ಹುಳಿನೀರು ಬೆರೆಸಿದ್ದೆ, ಬೇರೇನೂ ಅಲ್ಲ. ಇನ್ನೊಂದು ತಪ್ಪು ಹುರಿದ ಬಾರ್ಲಿಯದು. ಕಪ್ಪಗೆ ಹುರಿದ ಕಾಳಿಗೆ ತನ್ನದೇ ಒಂದು ಹುಳಿ ಇದೆ, ಒಂದು ಒಗರೂ ಇದೆ. ಅದರ ಮೇಲೆ ಚೆರ್ರಿಯ ಹುಳಿ ಬಿದ್ದಾಗ ಎರಡೂ ಸೇರಿ ಹಲ್ಲು ಜುಮ್ಮೆನ್ನುವಂತಾಗಿತ್ತು. ಹಾಗಲಕಾಯಿಯನ್ನು ಉಪ್ಪು ಹಚ್ಚಿ ಹಿಂಡದೆಯೇ ಗೊಜ್ಜಿಗೆ ಹಾಕಿದಂತೆ.

ಮರುವರ್ಷ ಹುರಿದ ಬಾರ್ಲಿಯನ್ನು 200 ಗ್ರಾಮಿಗೆ ಇಳಿಸಿ, ಓಟ್ಸನ್ನು ಇಮ್ಮಡಿ ಮಾಡಿದೆ. ಕಾಳು ನೆನೆಸುವ ನೀರಿನ ಬಿಸಿಯನ್ನು 65ರಿಂದ 69 ಡಿಗ್ರಿ ಸೆಲ್ಸಿಯಸ್ಸಿಗೆ ಏರಿಸಿದೆ. ಈ ನಾಲ್ಕು ಡಿಗ್ರಿ ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಅಷ್ಟು ಬಿಸಿಯಲ್ಲಿ ಯೀಸ್ಟಿಗೆ ಪೂರ್ತಿ ಜೀರ್ಣವಾಗದ ಉದ್ದ ಸಕ್ಕರೆಗಳು ಹೆಚ್ಚು ಹುಟ್ಟುತ್ತವೆ, ಅವೇ ಕೊನೆಯಲ್ಲಿ ಬಿಯರಿನ ಮೈಯಾಗಿ ಉಳಿಯುತ್ತವೆ. ಹುಣಿಸೆಯ ಜೊತೆ ಬೀಳಬೇಕಾದ ಚೂರು ಬೆಲ್ಲದ ಕೆಲಸವನ್ನು ಸ್ಟೌಟಿನಲ್ಲಿ ಇವು ಮಾಡುತ್ತವೆ. ಚೆರ್ರಿಯ ಮೇಲೆ ಒಂಬತ್ತು ದಿನವಲ್ಲ, ಐದು ವಾರ ಇಟ್ಟೆ. ಮತ್ತು ಕ್ರೀಕ್ ಮಾಡುವವರ ಮಾತಿಗೆ ಮರ್ಯಾದೆ ಕೊಟ್ಟು ಕಾಲು ಭಾಗದಷ್ಟು ಹಣ್ಣನ್ನು ಗೊರಟಿನ ಸಮೇತ, ಗೊರಟು ಒಡೆಯದಂತೆ, ಹಾಕಿದೆ. ಗೊರಟಿನಿಂದ ನಿಧಾನವಾಗಿ ಇಳಿಯುವ ಬಾದಾಮಿಯಂಥ ಘಮಕ್ಕೆ ಕಾರಣವಾದ ಬೆಂಜಾಲ್ಡಿಹೈಡ್ ಎಂಬ ವಸ್ತುವೇ ಕೃತಕ ಚೆರ್ರಿ ಸುವಾಸನೆಯ ಮುಖ್ಯ ಅಂಶ. ನನ್ನ ಬಾಲ್ಯದ ಕೆಮ್ಮಿನ ಔಷಧಿಯ ವಾಸನೆ ಸುಳ್ಳಾಗಿರಲಿಲ್ಲ, ಅಳತೆ ತಪ್ಪಿದ ಸತ್ಯವಾಗಿತ್ತು.

ಹುಳಿಯ ಈ ಲೆಕ್ಕ ಎಲ್ಲ ಹಣ್ಣಿಗೂ ಹೊಂದುವುದಿಲ್ಲ. ಕಲಮಜೂಗೆ ಪೂರ್ವದಲ್ಲಿರುವ ಮಾರ್ಷಲ್ ಎಂಬ ಊರಿನ ಡಾರ್ಕ್ ಹಾರ್ಸ್ ಬ್ರೂವರಿ ಚಳಿಗಾಲಕ್ಕೆಂದು ಮಾಡಿದ ಐದು ಸ್ಟೌಟುಗಳ ಸರಣಿಯಲ್ಲಿ ಮೂರನೆಯದು ಬ್ಲೂಬೆರಿಯದು. ಅದನ್ನು ಕುಡಿದಾಗ ಹಣ್ಣು ಮೂಗಿಗೆ ಸಿಗುತ್ತದೆ, ನಾಲಗೆಗೆ ಅಷ್ಟಾಗಿ ಸಿಗುವುದಿಲ್ಲ. ಬ್ಲೂಬೆರಿಯ ಹುಳಿ ಸೌಮ್ಯ, ಹುರಿದ ಕಾಳಿನ ಮುಂದೆ ಅದು ನಿಲ್ಲುವುದಿಲ್ಲ. ರಾಸ್ಪ್‌ಬೆರಿ ಬೇಕಾದರೆ ನಿಲ್ಲುತ್ತದೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚೇ ನಿಲ್ಲುತ್ತದೆ.

ಈಚಿನ ವರ್ಷಗಳಲ್ಲಿ ಪೇಸ್ಟ್ರಿ ಸ್ಟೌಟ್ ಎಂಬ ಹೆಸರಿನಲ್ಲಿ ಬರುತ್ತಿರುವ ಬಿಯರುಗಳ ಬಗ್ಗೆ ನನಗೆ ತಕರಾರಿದೆ. ಯೀಸ್ಟಿಗೆ ತಿನ್ನಲಾಗದ ಹಾಲಿನ ಸಕ್ಕರೆ, ವೆನಿಲಾ, ತೆಂಗು, ಅದರ ಮೇಲೆ ಹುದುಗುವಿಕೆ ಮುಗಿದ ಬಳಿಕ ಸುರಿದ ಹಣ್ಣಿನ ತಿರುಳು, ಇವೆಲ್ಲ ಸೇರಿ ಲೋಟದಲ್ಲಿ ಸಿಗುವುದು ಒಂದು ಸಿಹಿತಿಂಡಿ. ಅಂಥ ಕೆಲವು ಡಬ್ಬಗಳನ್ನು ತಣ್ಣಗಿಡದಿದ್ದರೆ ಒಳಗೆ ಮತ್ತೆ ಹುದುಗಿ ಉಬ್ಬುತ್ತವೆ, ನನ್ನ ಗೂಡಿನ ಕಥೆಯೇ ಅಂಗಡಿಯ ಕಪಾಟಿನಲ್ಲಿ ಮರುಕಳಿಸುತ್ತದೆ. ಗಡ್‌ಬಡ್ ಐಸ್‌ಕ್ರೀಮಿನ ಬಗ್ಗೆ ನನಗೆ ಅಪಾರ ಗೌರವವಿದೆ, ಮಂಗಳೂರಿಗೆ ಹೋದಾಗ ತಿನ್ನದೆ ಬಂದದ್ದಿಲ್ಲ. ಆದರೆ ಅದನ್ನು ಕರಗಿಸಿ ಬಿಯರೆಂದು ಕೊಟ್ಟರೆ ಎರಡಕ್ಕೂ ಅನ್ಯಾಯ. ಹಣ್ಣನ್ನು ಹಣ್ಣಾಗಿಯೇ ಉಳಿಸಿಕೊಳ್ಳುವುದಿದ್ದರೆ ಅದನ್ನು ಬಿಯರಿಗೆ ಹಾಕುವ ಶ್ರಮವೇಕೆ?

ನಮ್ಮ ಕಡೆಯ ಹಣ್ಣುಗಳಲ್ಲಿ ಯಾವುದು ಸ್ಟೌಟಿಗೆ ಒಗ್ಗೀತು ಎಂದು ಇಲ್ಲಿನ ಕನ್ನಡ ಗೆಳೆಯರು ಆಗಾಗ ಕೇಳುತ್ತಾರೆ. ಎಲ್ಲರ ಮೊದಲ ಊಹೆ ನೇರಳೆ, ಬಣ್ಣ ನೋಡಿ. ನನಗೆ ಅದು ಬೇಡ. ನೇರಳೆಯ ಒಗರು ಹುರಿದ ಕಾಳಿನ ಒಗರಿನ ಮೇಲೆ ಕೂತರೆ ನಾಲಗೆ ಹಲಗೆಯಾಗುತ್ತದೆ. ನನ್ನ ಮನಸ್ಸು ಮುರುಗಲಿನ ಕಡೆಗಿದೆ. ಒಣಗಿಸಿದ ಮುರುಗಲು ಸಿಪ್ಪೆಯಲ್ಲಿ ಹುಳಿ ಇದೆ, ಕೆಂಪಿದೆ, ನೀರು ಬಹುತೇಕ ಇಲ್ಲ, ಆದ್ದರಿಂದ ಸ್ಟೌಟಿನ ಮೈ ತೆಳ್ಳಗಾಗುವ ಭಯವಿಲ್ಲ. ಒಮ್ಮೆ ನಾಲ್ಕು ಲೀಟರಿನ ಜಾಡಿಯಲ್ಲಿ ಪ್ರಯತ್ನಿಸಿದೆ ಕೂಡ. ಅಮ್ಮ ತಂದುಕೊಟ್ಟಿದ್ದ ಸಿಪ್ಪೆ ಉಪ್ಪು ಹಾಕಿ ಒಣಗಿಸಿದ್ದೆಂಬುದು ಎರಡು ವಾರದ ನಂತರ ಮೊದಲ ಗುಟುಕಿನಲ್ಲಿ ತಿಳಿಯಿತು. ಊರಿಗೆ ಹೋದಾಗ ಉಪ್ಪಿಲ್ಲದ ಸಿಪ್ಪೆಯಿಂದ ಅಲ್ಲೇ ಮಾಡಿ ನೋಡೋಣವೆಂದರೆ, ಕರ್ನಾಟಕದ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಮಾವಿನ ಕಾಲ ಬಂದಾಗ ಮಾವಿನ ಬಿಯರ್ ಮಾಡುವವರಿದ್ದಾರೆ. ಪರವಾನಗಿಯೂ ಪಾತ್ರೆಗಳೂ ಇರುವ ಅವರಲ್ಲಿ ಯಾರಾದರೂ ಮಲೆನಾಡಿನ ಮುರುಗಲನ್ನು ಕಪ್ಪು ಬಿಯರಿಗೆ ಹಾಕಿದರೆ ಕುಡಿಯಲು ನಾನು ಸರದಿಯಲ್ಲಿ ಮೊದಲು ನಿಲ್ಲುತ್ತೇನೆ.

ಎರಡನೆಯ ಸಲದ ಬಿಯರಿನಲ್ಲಿ ಒಂದೂ ಬಾಟಲಿ ಒಡೆಯಲಿಲ್ಲ. ಕೊನೆಯದನ್ನು ಒಂದು ವರ್ಷ ಎರಡು ತಿಂಗಳು ಉಳಿಸಿಕೊಂಡು ಜನವರಿಯಲ್ಲಿ ತೆರೆದೆ. ಹೊಸತರಲ್ಲಿ ಕಹಿ ಮೊದಲು, ಹುಳಿ ಆಮೇಲೆ ಎಂದು ಸಾಲಾಗಿ ಬರುತ್ತಿದ್ದವು. ಈಗ ಯಾವುದು ಮೊದಲೆಂದು ಹೇಳಲಾಗಲಿಲ್ಲ. ಚೆರ್ರಿ ಹಿಂದೆ ಸರಿದು ಒಣದ್ರಾಕ್ಷಿಯಂಥ ಏನೋ ಒಂದು ಅದರ ಜಾಗದಲ್ಲಿತ್ತು, ಬಾದಾಮಿಯ ಘಮ ಲೋಟ ಖಾಲಿಯಾದ ಮೇಲೂ ಅದರ ತಳದಲ್ಲಿ ಉಳಿದಿತ್ತು. ಬಾಟಲಿಯ ಬುಡದಲ್ಲಿ ಒಂದು ತೆಳು ಗಷ್ಟು. ದೀಪಕ್ಕೆ ಹಿಡಿದು ನೋಡಿದರೆ ಅದಕ್ಕೆ ಇನ್ನೂ ಸ್ವಲ್ಪ ಕೆಂಪಿತ್ತು.

ಈ ಜುಲೈಗೆ ಬಾಲಟಾನ್ ಎಂಬ ಇನ್ನೊಂದು ತಳಿಯನ್ನು ಹುಡುಕುತ್ತಿದ್ದೇನೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಏಮಿ ಐಯೆಝೋನಿ ಹಂಗರಿಯಿಂದ ಇಲ್ಲಿಗೆ ತಂದ ಹುಳಿ ಚೆರ್ರಿ ಅದು. ಮಾನ್‌ಮೊರೆನ್ಸಿಯಂತೆ ಸಿಪ್ಪೆ ಮಾತ್ರವಲ್ಲ, ತಿರುಳೂ ರಸವೂ ಕಡುಕೆಂಪು, ಹುಳಿ ತುಸು ಕಡಿಮೆ ಎನ್ನುತ್ತಾರೆ. ಕಪ್ಪು ಬಿಯರಿನಲ್ಲಿ ಬಣ್ಣದಿಂದ ಏನೂ ಲಾಭವಿಲ್ಲ, ಆದ್ದರಿಂದ ಅರ್ಧ ಬಾಲಟಾನ್, ಅರ್ಧ ಮಾನ್‌ಮೊರೆನ್ಸಿ ಎಂದು ಲೆಕ್ಕ ಹಾಕಿದ್ದೇನೆ, ಒಟ್ಟು ಆರು ಕಿಲೋ. ಅಮ್ಮನಿಗೆ ಈಗ ಮೊಣಕಾಲು ನೋವು, ಇಪ್ಪತ್ತು ಗಂಟೆ ವಿಮಾನದಲ್ಲಿ ಕೂರಲು ಆಗುವುದಿಲ್ಲ, ಗೊರಟು ಬಿಡಿಸುವ ಕೆಲಸ ನನ್ನದೇ. ಹೇರ್‌ಪಿನ್ನು ಅಡುಗೆಮನೆಯ ಎರಡನೆಯ ಡ್ರಾಯರಿನಲ್ಲಿದೆ.